ಅಕ್ಕನ ಬಾಯಲ್ಲಿ ಉಳಿದ ಹೆಸರು

ಮಳೆ ನಿಲ್ಲಲಪ್ಪಾ ಎಂದು ದೇವರನ್ನು ಬೇಡಿಕೊಳ್ಳುವುದಕ್ಕೆ ತಿಂಗಳ ಸಂಬಳ ಪಡೆದವನು ಮುದ್ದೇಬಿಹಾಳ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ನಮ್ಮ ಕಡೆ ಮುಗಿಲು ನೋಡುವುದೆಂದರೆ ಬಾ ಎಂದು ನೋಡುವುದು. ನಾನು ಬಾಲ್ಟಿಕ್ ಸಮುದ್ರದ ದಂಡೆಯ ಕ್ಲೈಪೆಡಾ ಎಂಬ ಹಳೆಯ ಊರಿನಲ್ಲಿ ನಿಂತು ಮೂರು ವರ್ಷ ಹೋಗು ಎಂದು ನೋಡಿದೆ. ನಮ್ಮಲ್ಲಿ ಬಾ ಎಂದರೆ ಬರುವುದಿಲ್ಲ, ಅಲ್ಲಿ ಹೋಗು ಎಂದರೆ ಹೋಗುವುದಿಲ್ಲ. ಮುಗಿಲಿನ ಸ್ವಭಾವ ಎರಡೂ ಕಡೆ ಒಂದೇ ಎಂಬುದಷ್ಟೇ ನಾನು ಪರದೇಶದಲ್ಲಿ ಮಾಡಿದ ಸಂಶೋಧನೆ.

ಕೆಲಸ ಗೊಬ್ಬರದ್ದು. ಆಲಮೇಲದ ಕಬ್ಬಿಗೆ, ನಿಡಗುಂದಿಯ ನೀರಾವರಿ ಹೊಲಗಳಿಗೆ ಹಾಕುವ ಕೆಂಪು ಪೊಟ್ಯಾಷ್ ನಮ್ಮ ರೈತರು ತಿಳಿದುಕೊಂಡಂತೆ ಸೊಸೈಟಿಯ ಗೋದಾಮಿನಲ್ಲಿ ಹುಟ್ಟುವುದಿಲ್ಲ. ಅದನ್ನು ಬೆಲಾರುಸ್ ದೇಶದ ನೆಲದಡಿಯಿಂದ ಅಗೆದು, ರೈಲಿನಲ್ಲಿ ಪಕ್ಕದ ಲಿಥುವೇನಿಯಾದ ಈ ಬಂದರಿಗೆ ತಂದು, ಹಡಗಿಗೆ ತುಂಬಿ ಕಳಿಸುತ್ತಾರೆ. ತುಂಬುವಾಗ ನೀರು ಬಿದ್ದರೆ ಗೊಬ್ಬರ ಗಡ್ಡೆ ಕಟ್ಟುತ್ತದೆ. ಆದ್ದರಿಂದ ಹನಿ ಬಿದ್ದ ಕೂಡಲೇ ಹಡಗಿನ ಹೊಟ್ಟೆ ಮುಚ್ಚಬೇಕು, ನಿಂತ ಕೂಡಲೇ ತೆರೆಯಬೇಕು. ಪಕ್ಕದಲ್ಲಿ ನಿಂತು ಹಿಡಿ ಹಿಡಿ ಗೊಬ್ಬರ ತೆಗೆದು, ಅದರ ತೇವ ನೋಡಿ, ಮುಂಬೈಗೆ ವರದಿ ಕಳಿಸಲು ಅಲ್ಲಿನ ಒಂದು ವ್ಯಾಪಾರಿ ಕಂಪನಿಗೆ ರಸಾಯನಶಾಸ್ತ್ರ ಓದಿದವನೊಬ್ಬ ಬೇಕಾಗಿದ್ದ. ಎರಡು ಸಾವಿರದ ಇಸವಿಗೆ ಇನ್ನೂ ಒಂದೆರಡು ವರ್ಷವಿತ್ತು. ನಾನು ಹೆಂಡತಿಯನ್ನು ಕರೆದುಕೊಂಡು ಹೊರಟೆ.

ಹೊರಡುವ ಮೊದಲು ಅಕ್ಕನಿಗೆ ಹೇಳಿಬರಲು ಬಸವನ ಬಾಗೇವಾಡಿ ತಾಲೂಕಿನ ಮಸೂತಿಗೆ ಹೋದೆವು. ನಮ್ಮವ್ವ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಬೆಳೆಸಿದವಳು ಅಕ್ಕ. ಆಕೆಗೆ ಸ್ವಂತ ಮಕ್ಕಳಿಲ್ಲ. ಇದ್ದೊಬ್ಬ ತಮ್ಮನನ್ನು ಬೈದು ಬೈದು ಆ ಕೊರತೆಯನ್ನು ನೀಗಿಸಿಕೊಂಡಿದ್ದಳು.

“ಅಲ್ಲಿ ಮಂದಿ ಏನ ತಿಂತಾರೋ ತಮ್ಮಾ?” ಅಂದಳು.

“ಮೀನ ತಿಂತಾರಂತ.”

“ನೀವು?”

“ಏನರ ಸಿಗತೈತಿ ಬಿಡಕ್ಕಾ.”

“ಹಂಗಾರ ಬರೂದ್ರಾಗ ಕಡ್ಡಿ ಆಗಿರ್ತೀರಿ,” ಎಂದು ಒಣರೊಟ್ಟಿಯ ಗಂಟನ್ನು ಹೆಂಡತಿಯ ಮಡಿಲಿಗಿಟ್ಟಳು. ಆಮೇಲೆ ಆಕೆಯ ಹೊಟ್ಟೆಯ ಕಡೆ ಒಂದು ಸಲ ನೋಡಿ, ಏನೂ ಅನ್ನಲಿಲ್ಲ. ನಮ್ಮ ಮದುವೆಯಾಗಿ ಬಹಳ ವರ್ಷವಾಗಿತ್ತು. ಆ ವಿಷಯದಲ್ಲಿ ಬಾಯಿ ಬಿಡದೆ ಇದ್ದದ್ದು ಅಕ್ಕನ ಜೀವನದ ಏಕೈಕ ಸಂಯಮ.

ಕ್ಲೈಪೆಡಾ ಏಳು ಶತಮಾನ ಮೀರಿದ ಊರು. ಕಟ್ಟಿಗೆಯ ಚೌಕಟ್ಟಿನ ನಡುನಡುವೆ ಇಟ್ಟಿಗೆ ತುಂಬಿ ಕಟ್ಟಿದ ಮನೆಗಳು, ಉರುಟು ಕಲ್ಲು ಹಾಸಿದ ಓಣಿಗಳು, ಊರ ನಡುವೆ ಅವಸರವಿಲ್ಲದ ಒಂದು ಸಣ್ಣ ಹೊಳೆ. ಜರ್ಮನ್ನರಿದ್ದಾಗ ಅದರ ಹೆಸರು ಮೇಮೆಲ್ ಅಂತಿತ್ತಂತೆ. ಯುದ್ಧದಲ್ಲಿ ಅವರೂ ಹೋದರು, ಇಗರ್ಜಿಯ ಗೋಪುರಗಳೂ ಹೋದವು, ಆ ಹೆಸರೂ ಹೋಯಿತು. ಬೇರೆ ಮಂದಿ ಬಂದು ಅದೇ ಮನೆಗಳಲ್ಲಿ ಒಲೆ ಹಚ್ಚಿದರು. ಓಣಿಗಳಿಗೂ ಸೇತುವೆಗಳಿಗೂ ಎರಡೆರಡು ಹೆಸರಿದ್ದವು, ಹಳೆಯವರು ಒಂದನ್ನು ಅಂದರೆ ಹೊಸಬರು ಇನ್ನೊಂದನ್ನು ಅನ್ನುತ್ತಿದ್ದರು.

ಬಂದ ಒಂದೆರಡು ತಿಂಗಳ ಮೇಲೆ ನಾವು ಬಾಡಿಗೆಗೆ ಹಿಡಿದದ್ದು ಅಂಥ ಒಂದು ಮನೆಯ ಮಾಳಿಗೆ. ಕೆಳಗೆ ಮನೆಯ ಒಡತಿ, ಒಬ್ಬಂಟಿ ಮುದುಕಿ. ಅಲ್ಲಿನ ಮೊದಲ ಮುಂಜಾನೆ ನನ್ನ ಹೆಂಡತಿ ರೊಟ್ಟಿ ಬಡಿಯಲು ಕುಳಿತಳು. ಆಕೆ ಸಿಂದಗಿಯ ಹೆಣ್ಣುಮಗಳು. ಬಡಿತದಲ್ಲಿ ಮೋಸ ಮಾಡುವುದಿಲ್ಲ. ಮೂರನೆಯ ರೊಟ್ಟಿಗೆ ಮುದುಕಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಬಂದರಿನಲ್ಲಿ ಕೂಲಿಗಳಿಂದ ಕಲಿತ ನನ್ನ ಮುರುಕು ರಷ್ಯನ್ನಿಗೆ ಅರ್ಥವಾದ ಪ್ರಕಾರ, ಗೋಡೆಗೆ ಮೊಳೆ ಹೊಡೆಯುವುದು ಕರಾರಿನಲ್ಲಿಲ್ಲ ಎಂಬುದು ಆಕೆಯ ವಾದ. ಹೆಂಡತಿ ಮಾತಾಡದೆ ಹಂಚಿನ ಮೇಲಿನ ರೊಟ್ಟಿ ತೆಗೆದು ಆಕೆಯ ಕೈಗೆ ಕೊಟ್ಟಳು. ಮುದುಕಿ ಅದನ್ನು ಕೆಳಗೊಯ್ದು ಉಪ್ಪುಮೀನಿನ ಜೊತೆ ತಿಂದಳೆಂದು ಮರುದಿನ ತಿಳಿಯಿತು. ನಮ್ಮ ರೊಟ್ಟಿಯ ಕುಲಕ್ಕೆ ಅಂಥ ಅನುಭವ ಹಿಂದೆ ಆಗಿರಲಿಲ್ಲ. ಆವತ್ತಿನಿಂದ ಇಬ್ಬರಿಗೂ ಗೆಳೆತನ. ಒಬ್ಬರ ಮಾತು ಇನ್ನೊಬ್ಬರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಜಗಳಕ್ಕೆ ದಾರಿಯೇ ಇರಲಿಲ್ಲ.

ಎರಡನೆಯ ವರ್ಷ ಹೆಂಡತಿ ಬಸುರಾದಳು.

ಸುದ್ದಿ ಹೇಳಲು ಮಸೂತಿಯ ಬಸ್‌ ನಿಲ್ದಾಣದ ಹತ್ತಿರದ ಎಸ್‌.ಟಿ.ಡಿ. ಅಂಗಡಿಗೆ ಫೋನ್ ಮಾಡಬೇಕು, ಅಂಗಡಿಯವನು ಅಕ್ಕನನ್ನು ಕರೆಸಬೇಕು, ನಾನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಬೇಕು. ಸುದ್ದಿ ಕೇಳಿ ಅಕ್ಕ ಅಂಗಡಿಯಲ್ಲೇ ಅತ್ತಳು. ಅತ್ತು ಮುಗಿಸಿ ಆಡಳಿತ ಸುರು ಮಾಡಿದಳು. ಏಳನೆಯ ತಿಂಗಳಿಗೆ ಊರಿಗೆ ಬರಬೇಕು, ಸಿಂದಗಿಯಲ್ಲಿ ತವರವರು ಬಾಣಂತನ ಮಾಡಬೇಕು, ತೊಟ್ಟಿಲಿಗೆ ಮಾತ್ರ ಆಕೆಯೇ ಮುಂದೆ ನಿಲ್ಲಬೇಕು.

ಏಳನೆಯ ತಿಂಗಳಿಗೆ ಹೆಂಡತಿಯ ರಕ್ತದೊತ್ತಡ ಏರಿತು. ವಿಮಾನ ಹತ್ತುವ ಮಾತೇ ಬೇಡ ಎಂದು ಡಾಕ್ಟರು ಹೇಳಿದರು. ಇದನ್ನು ಮಸೂತಿಗೆ ತಿಳಿಸುವುದು ನನ್ನ ಪಾಲಿಗೆ ಬಂತು.

“ಬಿ.ಪಿ. ಅನ್ನೂದು ಮುದುಕರಿಗಿ ಬರೂ ಜಡ್ಡು,” ಅಂದಳು ಅಕ್ಕ. “ಬಸುರಿಗಿ ಹೆಂಗ ಬರತೈತಿ? ಯಾ ಊರ ಡಾಕ್ಟರೋ ಅಂವ?”

“ಅಂವ ಅಲ್ಲಕ್ಕಾ, ಹೆಣಮಗಳು.”

“ಆಕಿ ಹಡದಾಳೇನು?”

“ಕೇಳಿಲ್ಲ.”

“ಮೊದಲ ಅದನ್ನ ಕೇಳು.”

ಕಡೆಗೆ ಬೇರೆ ದಾರಿಯಿಲ್ಲವೆಂದು ತಿಳಿದ ಮೇಲೆ ಆಕೆ ಒಂದು ಕರಾರು ಹಾಕಿದಳು. “ಅಲ್ಲೇ ಹಡೀಲಿ. ಆದ್ರ ಹೆಸರ ಇಡಾಕಿ ನಾನು. ಎಷ್ಟೋ ವರ್ಸದಿಂದ ಬಾಯಾಗ ಇಟಗೊಂಡ ಕುಂತೇನಿ. ಕೂಸಿನ್ನ ಊರಿಗಿ ತರ್ರಿ, ತೊಟ್ಟಲಕ್ಕ ಹಾಕೂಣು, ಕಿವ್ಯಾಗ ಹೇಳತೇನಿ. ಅಲ್ಲೀತನಕ ಯಾರೂ ಏನೂ ಕರೀಬ್ಯಾಡ್ರಿ.”

“ಏನ ಹೆಸರಕ್ಕಾ?”

“ಕೂಸು ನೀನೇನು?” ಎಂದು ಫೋನ್ ಇಟ್ಟಳು.

ನಮ್ಮಲ್ಲಿ ಅದು ಹಾಗೆಯೇ. ಹೆಸರಿಡುವ ಅಧಿಕಾರ ಸೋದರತ್ತೆಯದು. ಆಕೆಯ ಬಾಯಿಂದ ಅದು ಮೊದಲು ಕೂಸಿನ ಕಿವಿಗೆ ಬೀಳಬೇಕು, ಆಮೇಲೆ ಉಳಿದವರಿಗೆ. ಹೆತ್ತವರು ಮುಂಚಿತವಾಗಿ ಕೇಳುವುದು ಅಧಿಕಪ್ರಸಂಗ. ಹಡೆಯುವುದಷ್ಟೇ ಅವರ ಕೆಲಸ.

ಶರತ್ಕಾಲದಲ್ಲಿ, ಮರಗಳೆಲ್ಲ ಒಮ್ಮೆಗೇ ಹಳದಿಯಾದ ವಾರದಲ್ಲಿ, ಮಗಳು ಹುಟ್ಟಿದಳು. ಬಂದರಿನ ಪ್ರಯೋಗಾಲಯದಲ್ಲಿ ನನ್ನ ಜೊತೆ ಕೆಲಸ ಮಾಡುವ, ಇಂಗ್ಲಿಷ್ ಬಲ್ಲ ಒಬ್ಬ ತರುಣನಿದ್ದ. ಜನನ ನೋಂದಾಯಿಸಲು ಅವನನ್ನು ದುಭಾಷಿಯಾಗಿ ಕರೆದುಕೊಂಡು ನಗರದ ಕಚೇರಿಗೆ ಹೋದೆ. ಅಲ್ಲಿದ್ದ ಹೆಂಗಸು ಹೆಸರು ಕೇಳಿದಳು. ಇನ್ನೂ ಇಟ್ಟಿಲ್ಲ ಎಂದೆ. ಆರಿಸಿಲ್ಲವೇ ಎಂದಳು. ಆರಿಸಿ ಎಷ್ಟೋ ವರ್ಷವಾಯಿತು ಎಂದೆ. ಹಾಗಾದರೆ ಹೇಳಿ ಎಂದಳು. ನನಗೆ ಗೊತ್ತಿಲ್ಲ ಎಂದೆ. ತರುಣ ನನ್ನ ಕಡೆ ತಿರುಗಿ, ಇದನ್ನು ಭಾಷಾಂತರಿಸಲೇಬೇಕೇ ಎಂದು ಕೇಳಿದ. ಆ ಹೆಸರು ಭಾರತ ದೇಶದ ಬಸವನ ಬಾಗೇವಾಡಿ ತಾಲೂಕು ಮಸೂತಿ ಗ್ರಾಮದ ನಿವಾಸಿಯೊಬ್ಬರ ಬಾಯಲ್ಲಿ ಸುರಕ್ಷಿತವಾಗಿದೆ, ಯೋಗ್ಯ ಕಾಲದಲ್ಲಿ ಹೊರಬೀಳುತ್ತದೆ ಎಂದು ಹೇಳಿಸಿದೆ. ಆ ಹೆಂಗಸು ನನ್ನನ್ನು ದೀರ್ಘವಾಗಿ ನೋಡಿ, ಇನ್ನೊಂದು ಸಲ ಬನ್ನಿ ಎಂದಳು. ಸರಕಾರಿ ಕಚೇರಿ ಯಾವ ದೇಶದಲ್ಲಾದರೂ ಸರಕಾರಿ ಕಚೇರಿಯೇ ಎಂದು ನನಗೆ ಎಷ್ಟೋ ಸಮಾಧಾನವಾಯಿತು.

ಅಲ್ಲೊಂದು ತೊಡಕಿತ್ತು. ಹೆಸರಿಡಬೇಕಾದರೆ ಕೂಸನ್ನು ಊರಿಗೆ ಒಯ್ಯಬೇಕು. ಒಯ್ಯಬೇಕಾದರೆ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟಿಗೆ ಹೆಸರು ಬೇಕು. ಇದನ್ನು ಬಿಡಿಸುವ ಕೆಲಸವನ್ನು ಚಳಿ ಇಳಿದ ಮೇಲೆ ನೋಡಿದರಾಯಿತೆಂದು ಮುಂದಕ್ಕೆ ಹಾಕಿದೆವು.

ಕೆಳಗಿನ ಮುದುಕಿಗೂ ಇದು ಚೋದ್ಯವೇ. ಎರಡು ದಿನಕ್ಕೊಮ್ಮೆ ಬಂದು, ಕೂಸಿನ ಕಡೆ ಬೆರಳು ಮಾಡಿ, ಹುಬ್ಬೇರಿಸಿ ಕೇಳುವಳು. ಹೆಂಡತಿ ಕಿಟಕಿಯಾಚೆ ದೂರಕ್ಕೆ ಕೈ ತೋರಿಸುವಳು. ಹೆಸರು ಸಮುದ್ರದ ಕಡೆಯಿಂದ ಬರುತ್ತದೆಂದು ಮುದುಕಿ ತಿಳಿದಳೋ ಏನೋ, ತಲೆಯಾಡಿಸುವಳು. ಕೂಸಿಗೆ ಬಿಳಿ ಉಣ್ಣೆಯ ಕಾಲುಚೀಲ ಹೆಣೆದು ತಂದಳು. ನಾವು ಕೂಸನ್ನು ಕೂಸು ಎಂದೇ ಕರೆದೆವು. ಮನೆಯಲ್ಲಿ ಇರುವುದು ಒಂದೇ ಆದಾಗ ಬೇರೆ ಹೆಸರಿನ ತುರ್ತೇನೂ ಕಾಣಲಿಲ್ಲ.

ಹಾಲು ಕುಡಿಯುವಾಗ ಅದರ ತುಟಿ ನೀಲಿಯಾಗುವುದನ್ನು ಮೊದಲು ಕಂಡವಳು ಹೆಂಡತಿ. ಚಳಿಗೆ ಇರಬೇಕೆಂದು ನಾನಂದೆ. ಚಳಿಗೆ ಅಲ್ಲ. ಹೃದಯದಲ್ಲಿ ರಂಧ್ರವಿತ್ತು. ಸ್ವಲ್ಪ ತೂಕ ಬರಲಿ, ರಾಜಧಾನಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿ ಮುಚ್ಚುತ್ತಾರೆ, ಮಾಡಬಹುದಾದಂಥದ್ದೇ ಎಂದು ಡಾಕ್ಟರು ಹೇಳಿದರು. ಹೆಂಡತಿ ದಿನಾ ಮುದುಕಿಯ ಅಡುಗೆಮನೆಯ ತಕ್ಕಡಿಯಲ್ಲಿ ಕೂಸನ್ನು ತೂಗುತ್ತಿದ್ದಳು. ಮುಳ್ಳು ಒಂದು ಕೂದಲೆಳೆ ಸರಿದರೂ ಇಬ್ಬರು ಹೆಂಗಸರೂ ಒಬ್ಬರ ಕೈ ಒಬ್ಬರು ಹಿಡಿಯುತ್ತಿದ್ದರು. ಆ ತೂಕ ಬರುವ ಮೊದಲೇ ಹಿಮ ಬಂತು, ಹಿಮದ ಜೊತೆ ನೆಗಡಿ ಬಂತು, ನೆಗಡಿ ಎದೆಗಿಳಿಯಿತು.

ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮಣಿಕಟ್ಟಿಗೆ ಕಟ್ಟಿದ ಪಟ್ಟಿಯ ಮೇಲೆ ತಾಯಿಯ ಹೆಸರಿತ್ತು. ಒಂದು ಮುಂಜಾನೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ, ಬಂದರಿನ ತರುಣನ ಮೂಲಕ ಹೇಳಿದರು. ತರುಣ ಅರ್ಧ ಹೇಳಿ ನಿಲ್ಲಿಸಿದ. ಉಳಿದರ್ಧವನ್ನು ಹೇಳಿಸಲು ನಾವೂ ಹೋಗಲಿಲ್ಲ.

ಹೆಂಡತಿ ಅಳಲಿಲ್ಲ. “ಅಕ್ಕಾರಿಗಿ ಫೋನ್ ಮಾಡ್ರಿ,” ಅಂದಳು.

“ಈಗ ಯಾಕ ಆಕಿಗಿ…”

“ಹೆಸರ ಹೇಳಸ್ರಿ. ಹೆಸರಿಲ್ದಂಗ ಕಳಸಾಕ ನನಗ ಆಗೂದಿಲ್ಲ.”

ತರುಣನ ಹತ್ತಿರ ಮೊಬೈಲ್ ಇತ್ತು, ಆಗ ಅಪರೂಪದ ವಸ್ತು. ನಾವು ಕೇಳುವ ಮೊದಲೇ ತೆಗೆದು ಕೊಟ್ಟ. ನರ್ಸು ಪೆಟ್ಟಿಗೆಯ ಪಕ್ಕದ ಸಣ್ಣ ಬಾಗಿಲು ತೆರೆದಳು. ನಾನು ಮಸೂತಿಯ ಅಂಗಡಿಗೆ ಮಾಡಿದೆ. “ಯಾರ್ರಿ? ಫಾರಿನ್ ಸಾಹೇಬ್ರಾ? ಅಕ್ಕಾರು ಇಲ್ಲೇ ಹಿಟ್ಟಿನ ಗಿರಣ್ಯಾಗ ಅದಾರ, ತಡೀರಿ, ಇಡಬ್ಯಾಡ್ರಿ,” ಎಂದ ಅಂಗಡಿಯವ. ತೇಕುತ್ತ ಅಕ್ಕ ಬಂದಳು. ಇದ್ದದ್ದು ಹೇಳಿದೆ.

“ಫೋನ್ ಕೂಸಿನ ಕಿವಿಗಿ ಹಿಡೀತೇನಕ್ಕಾ. ಹೇಳಿಬಿಡು.”

ಆ ಕಡೆ ಬಸ್ಸೊಂದು ಹಾರ್ನ್ ಹೊಡೆಯಿತು.

“ಅಕ್ಕಾ, ಕೇಳಸಾಕತ್ತೈತಿಲ್ಲೊ?”

“ಹೇಳೂದಿಲ್ಲ,” ಅಂದಳು.

“ಏನಂತಿ ನೀ?”

“ಹೇಳೂದಿಲ್ಲ ತಮ್ಮಾ. ಹೇಳಿದ್ರ ನಾ ಕೈಯಾರೆ ಬಾಗಲಾ ತಗದಂಗ. ಹೆಸರ ಇಲ್ಲದ ಕೂಸಿಗಿ ಯಮ ಏನಂತ ಕರದಾನು? ಕರ್ಯಾಕ ಬರಬಾರದು ಅಂವಗ. ಬಾಗಲದಾಗ ನಿಂತು ಸಾಕಾಗಿ ಹೋಗ್ಲಿ. ನೀವು ಆಕೀನ ತೊಟ್ಟಲಕ್ಕ ತರ್ರಿ, ಅಲ್ಲೇ ಹೇಳತೇನಿ.”

ಹೆಂಡತಿ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡಳು. “ಅಕ್ಕಾರ, ನಾ ಕಾಲ ಬೀಳತೇನ್ರಿ. ಹೇಳ್ರಿ.”

“ಹುಚ್ಚಿ, ನಿನ್ನ ಸಲುವಾಗೇ ಹೇಳವಲ್ಲೆ,” ಅಕ್ಕ ಕಿರುಚಿದ್ದು ನನಗೂ ಕೇಳಿಸಿತು. ಆಮೇಲೆ ಬರೀ ಅಳು.

ಆಕೆ ಫೋನ್ ಇಡಲಿಲ್ಲ. ಹೆಂಡತಿ ಅದನ್ನು ಹಾಗೆಯೇ ಗಾಜಿನ ಒಳಗೆ ಕೂಸಿನ ಕಿವಿಯ ಹತ್ತಿರ ಹಿಡಿದಳು. ಎಷ್ಟು ಹೊತ್ತೋ. ಸೋದರತ್ತೆ ಅಳುವುದು, ಅಂಗಡಿಯವ “ನೀರ ಕುಡೀರಿ ಅಕ್ಕಾರ” ಅನ್ನುವುದು, ಮುದ್ದೇಬಿಹಾಳ ಮುದ್ದೇಬಿಹಾಳ ಎಂದು ಕಂಡಕ್ಟರ್ ಕೂಗುವುದು, ಯಾರೋ ಬೀಡಿ ಕೇಳುವುದು. ನನ್ನ ಮಗಳು ತನ್ನ ನಾಡಿನಿಂದ ಕೇಳಿಸಿಕೊಂಡದ್ದು ಅಷ್ಟೇ. ಅವಳ ಹೆಸರೊಂದನ್ನು ಬಿಟ್ಟು ಮಸೂತಿಯ ಬಸ್‌ ನಿಲ್ದಾಣವೆಲ್ಲ ಅವಳ ಕಿವಿಗೆ ಬಿತ್ತು.

ಮರುದಿನ ಮಧ್ಯಾಹ್ನ ಹೋದಳು. ಯಮ ಸಾಕಾಗಿ ಹೋಗುವ ಪೈಕಿಯವನಲ್ಲ.

ನಮ್ಮ ಕಡೆ ಎಳೆಯ ಕೂಸು ಹೋದರೆ ಹೊಲದ ಬದುವಿನಲ್ಲಿ, ಗಿಡದ ಬುಡದಲ್ಲಿ ಸದ್ದಿಲ್ಲದೆ ಇಟ್ಟು ಬರುತ್ತಾರೆ. ಗುರುತಿಗೂ ಕಲ್ಲು ನಿಲ್ಲಿಸುವುದಿಲ್ಲ. ಅಲ್ಲಿ ಹಾಗೆ ನಡೆಯದು. ಊರಾಚೆಯ ಸ್ಮಶಾನದಲ್ಲಿ ಜಾಗ ಕೊಟ್ಟರು. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು, ಅಗೆಯುವವರು ಮೊದಲು ಬೆಂಕಿ ಹಾಕಿ ಅದನ್ನು ಮೆತ್ತಗೆ ಮಾಡಿದರು. ಬಂದರಿನ ತರುಣ ಬಂದಿದ್ದ, ಕೆಳಗಿನ ಮುದುಕಿ ಬಂದಿದ್ದಳು. ಆಕೆಯ ಕಾಲುಚೀಲಗಳು ಕೂಸಿನ ಕಾಲಲ್ಲಿದ್ದವು. ಸ್ಮಶಾನದ ಉಸ್ತುವಾರಿಯವನು ಸಣ್ಣದೊಂದು ಕಟ್ಟಿಗೆಯ ಫಲಕ ಹಿಡಿದು, ಏನು ಬರೆಯಬೇಕೆಂದು ಕೇಳಿದ. ನಾನು ಮನೆತನದ ಹೆಸರನ್ನಾದರೂ ಬರೆಸೋಣವೆಂದು ಬಾಯಿ ತೆರೆದೆ.

“ಬ್ಯಾಡ್ರಿ,” ಅಂದಳು ಹೆಂಡತಿ. “ಅದು ನಿಮ್ಮದು. ಆಕೀದಲ್ಲ.”

ಉಸ್ತುವಾರಿಯವನು ತರುಣನ ಕಡೆ ನೋಡಿದ, ತರುಣ ನೆಲ ನೋಡಿದ. ಬರಿಯ ಫಲಕವನ್ನೇ ನೆಟ್ಟರು. ಸುತ್ತಲಿನ ಸಾಲುಗಳಲ್ಲಿ ಜರ್ಮನ್ನರು, ರಷ್ಯನ್ನರು, ಲಿಥುವೇನಿಯಾದವರು, ಒಬ್ಬೊಬ್ಬರೂ ಎರಡು ಮೂರು ಹೆಸರು ಹೊತ್ತು ಮಲಗಿದ್ದರು.

ಆಮೇಲೆ ಹೆಂಡತಿ ಭಾನುವಾರ ಭಾನುವಾರ ಮುದುಕಿಯ ಜೊತೆ ಬಸ್ಸಿನಲ್ಲಿ ಅಲ್ಲಿಗೆ ಹೋಗತೊಡಗಿದಳು. ಮುದುಕಿ ತನ್ನ ಗಂಡನಿಗೊಂದು, ಕೂಸಿಗೊಂದು ಮೇಣದ ದೀಪ ಹಚ್ಚುವಳು. ಹಚ್ಚಿ, ಗಂಡನನ್ನು ಹೆಸರು ಹಿಡಿದು ಕರೆದು, ವಾರದ ಸುದ್ದಿಯನ್ನೆಲ್ಲ ಹೇಳುವಳಂತೆ. ಒಂದು ಭಾನುವಾರ ಬಂದವಳೇ ಹೆಂಡತಿ ಕೋಟನ್ನೂ ತೆಗೆಯದೆ ಕುಳಿತುಬಿಟ್ಟಳು.

“ಮಾತಾಡಬೇಕಂತ ಕುಂತ್ನಿರಿ. ಏನಂತ ಸುರು ಮಾಡ್ಲಿ?”

“ಕೂಸು ಅಂತ ಕರಿ. ಹಂಗ ಕರೀತಿದ್ದಿವಲ್ಲ.”

“ಮನ್ಯಾಗ ಒಂದ ಇತ್ತರಿ. ಅಲ್ಲಿ ಎಷ್ಟ ಕೂಸು ಅದಾವ ನೋಡೀರೇನು? ಅವಕ್ಕೆಲ್ಲ ಹೆಸರ ಅದಾವು. ಕೂಸ ಅಂತ ಕರದ್ರ ಯಾ ಕೂಸು ಹೊಳ್ಳಿ ನೋಡಬೇಕು?”

ನಾನು ಮಸೂತಿಗೆ ಫೋನ್ ಮಾಡಿದೆ. “ಅಕ್ಕಾರು ಹೊಲಕ್ಕ ಹೋಗ್ಯಾರ್ರಿ,” ಎಂದ ಅಂಗಡಿಯವ. ಮುಂದಿನ ವಾರವೂ ಹೊಲಕ್ಕೆ ಹೋಗಿದ್ದಳು. ಬೇಸಿಗೆ ಬಂದು ಹೊಲದಲ್ಲಿ ಒಂದು ಕಡ್ಡಿ ಹಸಿರಿಲ್ಲದ ಕಾಲದಲ್ಲೂ ಅಕ್ಕ ಹೊಲದಲ್ಲೇ ಇದ್ದಳು. ಅಂಗಡಿಯವನ ದನಿಯಲ್ಲಿ ಸಂಕೋಚ ಕೇಳಿಸುತ್ತಿತ್ತು. ಪಾಪ, ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ನಾನೇ ಫೋನ್ ಮಾಡುವುದು ಬಿಟ್ಟೆ.

ಮೂರನೆಯ ವರ್ಷದ ಕೊನೆಗೆ ನನ್ನ ಕರಾರು ಮುಗಿಯಿತು. ಮುಂದುವರಿಸಿ ಎಂದು ಹೆಂಡತಿ ಅಂದಾಳೇನೋ ಎಂದು ಕಾದೆ. ಆಕೆ ಪೆಟ್ಟಿಗೆ ಕಟ್ಟಿದಳು. ಕೊನೆಯ ದಿನ ಸ್ಮಶಾನಕ್ಕೆ ಹೋದಾಗ ಮಳೆ ಹಿಡಿದುಕೊಂಡಿತ್ತು. ಮುಗಿಲನ್ನು ಹೋಗು ಎಂದು ನೋಡುವ ಸಂಬಳ ನಿಂತುಹೋಗಿತ್ತು, ಆದ್ದರಿಂದ ಸುಮ್ಮನೆ ತೊಯ್ಸಿಕೊಂಡೆ. ಮೂರು ವರ್ಷ ಆ ಊರಿನಲ್ಲಿದ್ದೆವೆಂದು ನಾವು ಮಂದಿಗೆ ಹೇಳುತ್ತೇವೆ. ನಾವಿಬ್ಬರೂ ಹೋಗಿ ಬಂದವರು. ಹೋಗಿ ನೆಲೆಸಿದವಳು ನಮ್ಮ ಮನೆತನದಲ್ಲಿ ಅವಳೊಬ್ಬಳೇ.

ಊರಿಗೆ ಬಂದರೂ ಅಕ್ಕ ನಮ್ಮನ್ನು ನೋಡಲು ಬರಲಿಲ್ಲ. ಹೆಂಡತಿಯೇ ಒಂದು ದಿನ “ನಡೀರಿ ಮಸೂತಿಗಿ” ಅಂದಳು. ಹೋದಾಗ ಅಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡು ಎದ್ದಳು, ಮತ್ತೆ ಕುಳಿತಳು. ಬಹಳ ಇಳಿದುಹೋಗಿದ್ದಳು.

“ಕಡ್ಡಿ ಆಗೀಯಲ್ಲೋ,” ಅಂದಳು ನನಗೆ. ಆಮೇಲೆ ಕಲ್ಲು ಆರಿಸತೊಡಗಿದಳು.

ಹೆಂಡತಿ ಎದುರಿಗೆ ಕುಳಿತು, “ಹೆಸರ ಹೇಳ್ರಿ ಅಕ್ಕಾರ,” ಅಂದಳು.

“ಯಾ ಹೆಸರ? ನಾ ಮರತೇನಿ.”

“ಮರತಿಲ್ಲ ನೀವು.”

“ಕೂಸಿಲ್ಲದ ಹೆಸರ ತಗೊಂಡ ಏನ ಮಾಡ್ತಿಯವ್ವಾ?”

“ಕರೀತೇನ್ರಿ.”

ಅಕ್ಕ ಮೊರ ಕೆಳಗಿಟ್ಟಳು. “ಆವತ್ತ ಹೇಳಿದ್ದರ ಉಳೀತಿತ್ತೋ ಏನೋ,” ಅಂದಳು. “ಹೇಳಿದ್ದರೂ ಹೋಗತಿತ್ತೋ. ಎರಡೂ ಕಡೀಗಿ ಸಾಯ್ತೇನಿ ನಾ ದಿನಾ.”

“ಹೇಳ್ರಿ.”

ಆಗ ಅಕ್ಕ ಸೆರಗು ಸರಿಮಾಡಿಕೊಂಡು, ತೊಟ್ಟಿಲ ಮುಂದೆ ನಿಂತವಳಂತೆಯೇ ಬಾಗಿ, ನನ್ನ ಹೆಂಡತಿಯ ಕಿವಿಗೆ ಕೈ ಮರೆ ಮಾಡಿ, ಪದ್ಧತಿಯಂತೆ ಮೊದಲು ಕುರ್ರ್ ಎಂದು ಊದಿ, ಹೆಸರು ಹೇಳಿದಳು. ಎರಡು ಮಾರು ದೂರದಲ್ಲಿದ್ದ ನನಗೆ ಕುರ್ರ್ ಅಷ್ಟೇ ಕೇಳಿಸಿತು.

ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಗುದ್ದುವುದು ನಮ್ಮಲ್ಲಿ ತೊಟ್ಟಿಲ ದಿನದ ದೊಡ್ಡ ಚೇಷ್ಟೆ. ಹೆಂಗಸರೆಲ್ಲ ನಗುತ್ತ ಮುಗಿಬೀಳುತ್ತಾರೆ, ಅತ್ತೆ ಅಯ್ಯಯ್ಯೋ ಎಂದು ಸುಳ್ಳೇ ಕೂಗುತ್ತಾಳೆ. ಹೆಂಡತಿ ಕೈಯೆತ್ತಿ ಅಕ್ಕನ ಬಾಗಿದ ಬೆನ್ನಿಗೆ ಮೆಲ್ಲಗೆ ಒಂದು ಗುದ್ದಿದಳು. ಶಾಸ್ತ್ರಕ್ಕೆ ಅಷ್ಟು ಸಾಕಾಗಿತ್ತು. ಎರಡನೆಯದು ಜೋರಾಗಿ ಬಿತ್ತು. ಮೂರನೆಯದಕ್ಕೆ ನಾನು ಎದ್ದು ನಿಂತೆ. ಎರಡೂ ಕೈಯಿಂದ ಗುದ್ದುತ್ತಿದ್ದಳು, ರೊಟ್ಟಿ ಬಡಿಯುವ ಕೈ. ಜೋಳ ಚೆಲ್ಲಾಪಿಲ್ಲಿಯಾಯಿತು. ಅಕ್ಕ ತಲೆ ಎತ್ತಲಿಲ್ಲ, ಸರಿಯಲೂ ಇಲ್ಲ.

“ಹೊಡಿಯವ್ವಾ,” ಅನ್ನುತ್ತಿದ್ದಳು. “ಇನ್ನ ಹೊಡಿ. ಯಾರೂ ಹೊಡೀಲಿಲ್ಲ ನನಗ.”

ನಾನು ಹೊರಗೆ ಕಟ್ಟೆಯ ಮೇಲೆ ಬಂದು ಕುಳಿತೆ. ಇಂಥ ಸಮಯದಲ್ಲಿ ಗಂಡಸರಿಗೆ ಕಟ್ಟೆ ಇರುವುದು ನಮ್ಮ ಹಿರಿಯರ ದೂರದೃಷ್ಟಿ. ಒಳಗೆ ಸದ್ದಡಗಿ ಬಹಳ ಹೊತ್ತಾದ ಮೇಲೆ ಅಕ್ಕ ಚಹಾ ತಂದುಕೊಟ್ಟಳು. ಸಕ್ಕರೆ ಹಾಕಿರಲಿಲ್ಲ. ಹಾಗೆಯೇ ಕುಡಿದೆ.

ಹಿಂತಿರುಗುವ ಬಸ್ಸಿನಲ್ಲಿ ಹೆಂಡತಿ, “ನಿಮಗೂ ಹೇಳಬೇಕು, ಖರೆ. ಆದ್ರ ಮೊದಲ ಕೂಸಿನ ಕಿವಿಗಿ ಬೀಳ್ಲಿ,” ಅಂದಳು. ಅದು ಹೇಗೆಂದು ಆಕೆಯೇ ಎಲ್ಲ ಯೋಚಿಸಿಟ್ಟಿದ್ದಳು. ನನ್ನಿಂದ ಬಂದರಿನ ತರುಣನಿಗೆ ಫೋನ್ ಮಾಡಿಸಿದಳು. ಅವನು ಕೆಳಗಿನ ಮುದುಕಿಗೆ ವಿಷಯ ತಿಳಿಸಿ, ಇಂಥ ದಿನ ಇಂಥ ಹೊತ್ತಿಗೆ ಆಕೆ ಫೋನಿನ ಹತ್ತಿರ ಇರುತ್ತಾಳೆಂದ.

ಮುದ್ದೇಬಿಹಾಳದ ಎಸ್‌.ಟಿ.ಡಿ. ಬೂತಿನಲ್ಲಿ ನಂಬರ್ ಹಚ್ಚಿಕೊಟ್ಟು ನಾನು ಹೊರಗೆ ನಿಂತೆ. ಹೆಂಡತಿ ಒಳಗೆ ಗಾಜಿನ ಬಾಗಿಲು ಹಾಕಿಕೊಂಡಳು. ಮಾತು ಬಾರದ ಇಬ್ಬರ ನಡುವೆ ಮಾತಾಡಲು ಒಂದೇ ಶಬ್ದವಿತ್ತು. ಆಕೆಯ ತುಟಿ ಅಲುಗುವುದು ಕಾಣುತ್ತಿತ್ತು, ಮತ್ತೆ ನಿಂತು ಕೇಳಿಸಿಕೊಳ್ಳುವುದು, ಅಲ್ಲ ಎಂದು ತಲೆಯಾಡಿಸುವುದು, ಬಿಡಿಸಿ ಬಿಡಿಸಿ ಮತ್ತೆ ಹೇಳುವುದು. ಸಣ್ಣ ಮಕ್ಕಳಿಗೆ ಸಾಲಿಯಲ್ಲಿ ಬಾಯಿಪಾಠ ಹೇಳಿಸಿದಂತೆ. ನಾನು ಬೆನ್ನು ತಿರುಗಿಸಿದೆ. ತುಟಿ ನೋಡಿ ತಿಳಿದುಕೊಂಡರೆ ಅದು ಕಳ್ಳತನವಾದೀತು.

ಹೊರಗೆ ಬಂದಾಗ ಮುಖ ಬೆವೆತಿತ್ತು.

“ಬಂತೇನ ಆಕಿಗೆ?”

“ಬಂತರಿ. ನಡಕ ಒಂದ ಸ್ವಲ್ಪ ಸೊಟ್ಟ ಅಂತಾಳ. ಇರ್ಲಿ, ತಿಳೀತೈತಿ ಕೂಸಿಗಿ. ಆಕೀ ದನಿ ಗುರತೈತಿ.”

ಭಾನುವಾರ ಬಂತು. ಮುದುಕಿಯ ಬಸ್ಸಿನ ಹೊತ್ತು ನಮಗಿಬ್ಬರಿಗೂ ಗೊತ್ತಿತ್ತು. ಊಟ ಮುಗಿಸಿ ಹಿತ್ತಲ ಕಲ್ಲಿನ ಮೇಲೆ ಕುಳಿತೆವು. ಬಿಸಿಲು ಚೆನ್ನಾಗಿ ಕಾದಿತ್ತು. ಈಗ ಇಳಿದಿರುತ್ತಾಳೆ ಅಂದಳು ಹೆಂಡತಿ. ಈಗ ದೀಪ ಹಚ್ಚಿರುತ್ತಾಳೆ. ಈಗ ಕರೆದಿರುತ್ತಾಳೆ. ಕಡೆಗೆ ನನ್ನ ಕಡೆ ಬಾಗಿ ಹೇಳಿದಳು.

ಒಳ್ಳೆಯ ಹೆಸರು. ಇಲ್ಲಿ ಬರೆಯುವುದಿಲ್ಲ. ಇಷ್ಟು ವರ್ಷ ಬಾಯಲ್ಲಿಟ್ಟುಕೊಳ್ಳುವಂಥದ್ದೇ ಎನ್ನಿಸಿತು. ನಾನೂ ಒಂದು ಸಲ ಮೆಲ್ಲಗೆ ಕರೆದು ನೋಡಿದೆ.

“ಜೋರ ಕರೀರಿ,” ಅಂದಳು ಹೆಂಡತಿ. “ದೂರ ಐತಿ.”